ಪ್ಲಗ್ ಕಿತ್ತ ಮೇಲೂ ಉಳಿಯುವ ಕರೆಂಟು

ಆಯುಧಪೂಜೆಯ ಹಿಂದಿನ ದಿನ ಅಂಗಡಿ, ಆಫೀಸು, ಜೆರಾಕ್ಸ್ ಸೆಂಟರುಗಳಲ್ಲಿ ಒಂದೇ ಗಡಿಬಿಡಿ. ವರ್ಷವಿಡೀ ಮೇಜಿನ ಕೆಳಗೆ ಧೂಳು ಕುಡಿಯುತ್ತ ಬಿದ್ದಿದ್ದ ಸಿಪಿಯು ಡಬ್ಬ ಅಂದು ಮೇಲೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತದೆ. ಪಕ್ಕದ ತಗಡು ತೆಗೆದು ಬ್ರಷ್ಷಿನಿಂದ ಜೇಡರ ಬಲೆ ಕೊಡವುತ್ತಾರೆ. ಕೆಲಸಕ್ಕೆ ನಿಂತ ಹುಡುಗ ಹುಮ್ಮಸ್ಸಿನವನಾದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಡಬ್ಬದ ಹಿಂಬದಿಯ ಮೂಲೆಯಲ್ಲಿ ಇನ್ನೊಂದು ಸಣ್ಣ ತಗಡಿನ ಪೆಟ್ಟಿಗೆ ಕೂತಿದೆಯಲ್ಲ, ಅದರ ಫ್ಯಾನಿನ ರೆಕ್ಕೆಗೂ ಧೂಳು ಮೆತ್ತಿಕೊಂಡಿರುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಅದೂ ತೆರೆದುಕೊಳ್ಳುತ್ತದೆ. ಯಾರಾದರೂ ಹುಷಾರಪ್ಪ ಎಂದರೆ ಅವನ ಉತ್ತರ ಸಿದ್ಧ: "ಪ್ಲಗ್ ಕಿತ್ತಿದೀನಿ ಸಾರ್, ಏನೂ ಆಗಲ್ಲ."

ಆ ಮಾತು ಕೇಳಿದಾಗಲೆಲ್ಲ ನನ್ನ ಬಲಗೈ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಇಸ್ತ್ರಿಪೆಟ್ಟಿಗೆಯ ವಿಷಯದಲ್ಲಿ, ಮಿಕ್ಸಿಯ ವಿಷಯದಲ್ಲಿ, ಟೇಬಲ್ ಫ್ಯಾನಿನ ವಿಷಯದಲ್ಲಿ ಬಹುಮಟ್ಟಿಗೆ ನಿಜವಾದ ಆ ಮಾತು ಈ ಒಂದು ಪೆಟ್ಟಿಗೆಯ ವಿಷಯದಲ್ಲಿ ಸುಳ್ಳು. ಅದರ ಹೆಸರು ಎಸ್‌ಎಂಪಿಎಸ್. ಬಿಡಿಸಿ ಹೇಳಿದರೆ ಸ್ವಿಚ್ ಮೋಡ್ ಪವರ್ ಸಪ್ಲೈ.

1999ರಲ್ಲಿ ನಾನು ದಾವಣಗೆರೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಯಾರೋ ಸತ್ತುಹೋದ ಎಸ್‌ಎಂಪಿಎಸ್ ಒಂದನ್ನು ತಂದುಕೊಟ್ಟು ಹೋದರು. ಟೆಸ್ಟ್ ಬೋರ್ಡಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಫ್ಯಾನು ತಿರುಗಲಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. ಪ್ಲಗ್ ಕಿತ್ತು ಪಕ್ಕಕ್ಕಿಟ್ಟು ಚಹಾ ಕುಡಿಯಲು ಹೋದೆ. ಬಂದು ನಾಲ್ಕು ಸ್ಕ್ರೂ ಬಿಚ್ಚಿ, ಬೋರ್ಡನ್ನು ಹೊರಗೆತ್ತಲು ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಹಾಕಿ ಹಿಡಿದೆ. ಆಮೇಲೆ ಏನಾಯಿತೆಂದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಬೋರ್ಡು ಗೋಡೆಗೆ ಬಡಿದು ಬಿದ್ದಿತ್ತು. ಮೊಣಕೈ ಹಿಂದಿನ ಕಬ್ಬಿಣದ ರ್‍ಯಾಕಿಗೆ ತಗುಲಿ ಚರ್ಮ ಕಿತ್ತುಬಂದಿತ್ತು. ಬೆರಳ ತುದಿಯಲ್ಲಿ ಬೆಸುಗೆಯ ಮೊನೆ ತಾಗಿದ ಕಡೆ ಎರಡು ಬಿಳಿ ಚುಕ್ಕೆಗಳು, ಸುಟ್ಟ ಕೂದಲಿನ ವಾಸನೆ.

ಅಂಗಡಿಯ ಹಿರಿಯರನ್ನು ನಾವೆಲ್ಲ ಮೇಷ್ಟ್ರೇ ಎನ್ನುತ್ತಿದ್ದೆವು. ಅವರು ಬೈಯಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನಾಡಿ ಹಿಡಿದು ನೋಡಿ, ನೀರು ಕುಡಿಸಿದರು. ಆಮೇಲೆ ಹೋಲ್ಡರಿಗೆ ಹಾಕಿದ ನಲವತ್ತು ವ್ಯಾಟಿನ ಬಲ್ಬೊಂದನ್ನು ತಂದು, ಅದರ ಎರಡು ವೈರುಗಳ ತುದಿಯನ್ನು ಬಿದ್ದಿದ್ದ ಬೋರ್ಡಿನ ದಪ್ಪ ಕೆಪಾಸಿಟರಿನ ಎರಡು ಕಾಲಿಗೆ ಮುಟ್ಟಿಸಿದರು. ಯಾವ ಪ್ಲಗ್ಗಿಗೂ ಸೇರದ ಆ ಬಲ್ಬು ಒಂದು ಸಲ ಫಳಕ್ಕನೆ ಹೊತ್ತಿ ಆರಿತು.

"ನೋಡಪ್ಪಾ, ನಿನ್ನ ಕೈಗೆ ಹೊಡೆದು ಮಿಕ್ಕಿದ್ದು ಇದು."

ಅಷ್ಟು ಹೊತ್ತು ಅದು ಎಲ್ಲಿ ಕೂತಿತ್ತು, ಏಕೆ ಕೂತಿತ್ತು ಎನ್ನುವುದಕ್ಕೆ ಈ ಪೆಟ್ಟಿಗೆಯ ಹೊಟ್ಟೆಯೊಳಗೆ ಇಳಿಯಬೇಕು. ನಮ್ಮಲ್ಲಿ ಬಹಳ ಜನ ಎಲೆಕ್ಟ್ರಾನಿಕ್ಸ್ ಕಲಿತದ್ದು ಬ್ಯಾಟರಿ ಎಲಿಮಿನೇಟರ್ ಬಿಚ್ಚಿ. ಟ್ರಾನ್ಸಿಸ್ಟರ್ ರೇಡಿಯೊಗೆ, ಟೇಪ್ ರೆಕಾರ್ಡರಿಗೆ ಸೆಲ್ ಬದಲು ಸಿಕ್ಕಿಸುತ್ತಿದ್ದ ಆ ಭಾರದ ಕರಿ ಡಬ್ಬದಲ್ಲಿ ಮೊದಲು ಸಿಗುವುದೇ ಟ್ರಾನ್ಸ್‌ಫಾರ್ಮರ್. ಅದು ಮನೆಯ 230 ವೋಲ್ಟನ್ನು ಒಂಬತ್ತೋ ಹನ್ನೆರಡೋ ವೋಲ್ಟಿಗೆ ಇಳಿಸುತ್ತದೆ. ಇಳಿದ ಮೇಲೆ ಡಯೋಡು, ಆಮೇಲೆ ಕೆಪಾಸಿಟರ್. ಆ ಕೆಪಾಸಿಟರಿಗೆ ಬೆರಳಿಟ್ಟರೆ ಗೊತ್ತೂ ಆಗುವುದಿಲ್ಲ. ಅದೇ ಧೈರ್ಯದಲ್ಲಿ ಎಸ್‌ಎಂಪಿಎಸ್‌ಗೆ ಕೈ ಹಾಕಿದವರು ನಾವು.

ಎಸ್‌ಎಂಪಿಎಸ್‌ನಲ್ಲಿ ಕ್ರಮವೇ ತಲೆಕೆಳಗು. ಗೋಡೆಯಿಂದ ಬಂದ ಕರೆಂಟನ್ನು ಇಳಿಸದೆ, ಹಾಗೇ ಡಯೋಡ್ ಬ್ರಿಡ್ಜಿಗೆ ಕೊಟ್ಟು ಡಿಸಿ ಮಾಡುತ್ತಾರೆ. ನಾವು 230 ಎನ್ನುವುದು ಏರಿಳಿಯುವ ಅಲೆಯ ಒಂದು ಬಗೆಯ ಸರಾಸರಿ. ಅಲೆಯ ತುದಿ 325 ವೋಲ್ಟಿನವರೆಗೆ ಹೋಗುತ್ತದೆ. ಕೆಪಾಸಿಟರ್ ತುಂಬಿಕೊಳ್ಳುವುದು ಆ ತುದಿಯನ್ನು. ಹಾಗೆ ಶೇಖರಿಸಿದ 325 ವೋಲ್ಟ್ ಡಿಸಿಯನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ನಿಂಬೆಹಣ್ಣಿನ ಗಾತ್ರದ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತಾರೆ. ಕತ್ತರಿಸುವ ವೇಗ ಹೆಚ್ಚಾದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾದರೆ ಸಾಕು. ಕಂಪ್ಯೂಟರು ಮೇಜಿನ ಮೇಲೆ ಕೂರುವಷ್ಟು ಹಗುರಾದದ್ದರಲ್ಲಿ ಈ ಉಪಾಯದ ಪಾಲು ದೊಡ್ಡದು. 1977ರ ಆಪಲ್ 2ಕ್ಕೆ ರಾಡ್ ಹೋಲ್ಟ್ ಇಂಥದ್ದೇ ಸಪ್ಲೈ ರೂಪಿಸಿದರು. 1981ರ ಐಬಿಎಂ ಪಿಸಿಯಲ್ಲೂ ಇದ್ದದ್ದು ಇದೇ ಜಾತಿಯ 63.5 ವ್ಯಾಟಿನ ಪೆಟ್ಟಿಗೆ. ಆ ಹಗುರತನಕ್ಕೆ ನಾವು ತೆತ್ತ ಬೆಲೆ ಎಂದರೆ, ಪೆಟ್ಟಿಗೆಯ ಅರ್ಧ ಭಾಗ ಗೋಡೆಯ ಸಾಕೆಟ್ಟಿಗಿಂತ ಹೆಚ್ಚಿನ ವೋಲ್ಟೇಜಿನಲ್ಲಿ ಕೂತಿರುತ್ತದೆ.

ಹಳೆಯ ಮಾದರಿಗಳಲ್ಲಿ 200 ವೋಲ್ಟ್ ತಾಳುವ ಎರಡು ಕೆಪಾಸಿಟರುಗಳು ಒಂದರ ಹಿಂದೊಂದು. ಹೊಸವುಗಳಲ್ಲಿ, ಅಂದರೆ ಆ್ಯಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟು ಇರುವವುಗಳಲ್ಲಿ, 400 ಅಥವಾ 450 ವೋಲ್ಟಿನ ಒಂದೇ ದಪ್ಪ ಕೆಪಾಸಿಟರ್. ಅದು ಚಾಲೂ ಇರುವಾಗ 380ರಿಂದ 400 ವೋಲ್ಟಿನವರೆಗೆ ತುಂಬಿಕೊಂಡಿರುತ್ತದೆ. ಲೆಕ್ಕ ಹಾಕಿದರೆ, 470 ಮೈಕ್ರೊಫ್ಯಾರಡಿನ ಹಳೇ ಜೋಡಿಯಲ್ಲಿ ಸುಮಾರು 12 ಜೂಲ್ ಶಕ್ತಿ, 390 ಮೈಕ್ರೊಫ್ಯಾರಡಿನ ಹೊಸದರಲ್ಲಿ ಸುಮಾರು 29 ಜೂಲ್. ಹನ್ನೆರಡು ಜೂಲೆಂದರೆ ಒಂದು ಕಿಲೋ ಅಕ್ಕಿಯನ್ನು ನೆಲದಿಂದ ಸೊಂಟಕ್ಕಿಂತ ತುಸು ಮೇಲಕ್ಕೆ ಎತ್ತಿದಷ್ಟು ಕೆಲಸ, ಅಷ್ಟೇ. ಆದರೆ ಅಷ್ಟೂ ಒಂದು ಗಳಿಗೆಯಲ್ಲಿ, ಒಂದು ಕೈಯಿಂದ ಎದೆಯ ಮೂಲಕ ಇನ್ನೊಂದು ಕೈಗೆ ಹರಿಯಲು ಹೊರಟರೆ ಅದು ಅಕ್ಕಿಯ ಮಾತಾಗಿ ಉಳಿಯುವುದಿಲ್ಲ.

ಹಾಗಾದರೆ ತಯಾರಕರು ಇದಕ್ಕೆ ದಾರಿ ಮಾಡಿಲ್ಲವೇ? ಮಾಡಿದ್ದಾರೆ. ಕೆಪಾಸಿಟರಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಇರುತ್ತದೆ, ಪ್ಲಗ್ ಕಿತ್ತ ಮೇಲೆ ತುಂಬಿದ್ದನ್ನು ಮೆಲ್ಲಗೆ ಸೋರಿಸಲು. ಬ್ಲೀಡರ್ ಎನ್ನುತ್ತಾರೆ. ಮೆಲ್ಲಗೆ ಎಂಬ ಮಾತನ್ನು ಗಮನಿಸಬೇಕು. 470 ಮೈಕ್ರೊಫ್ಯಾರಡಿಗೆ 220 ಕಿಲೋಓಮಿನ ಬ್ಲೀಡರ್ ಇದ್ದರೆ, ವೋಲ್ಟೇಜು ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯಲು ನೂರು ಸೆಕೆಂಡು, ಪೂರ್ತಿ ಅಡಗಲು ಎಂಟೊಂಬತ್ತು ನಿಮಿಷ. ಪ್ಲಗ್ ಕಿತ್ತು ಅರ್ಧ ನಿಮಿಷದಲ್ಲಿ ನಾಲ್ಕು ಸ್ಕ್ರೂ ಬಿಚ್ಚುವ ಚುರುಕು ಕೈಗೆ ಆ ಕಾಲಾವಕಾಶವೇ ಸಿಗುವುದಿಲ್ಲ. ಇನ್ನು ಬ್ಲೀಡರೇ ಸುಟ್ಟುಹೋಗಿದ್ದರೆ? ನನಗೆ ಹೊಡೆದ ಪೆಟ್ಟಿಗೆಯಲ್ಲಿ ಆಗಿದ್ದು ಅದೇ. ಮೇಷ್ಟ್ರು ಆಮೇಲೆ ತೋರಿಸಿದರು: ಕರಿದ ಮೆಣಸಿನಕಾಯಿಯ ಹಾಗೆ ಕಪ್ಪಾಗಿತ್ತು ಅದು.

ಈ ಎಲ್ಲದರಲ್ಲಿ ನನಗೆ ಅತಿ ಮುಖ್ಯವೆನಿಸುವ ಸಂಗತಿ ಒಂದಿದೆ, ಮತ್ತು ಅದು ಸಾಮಾನ್ಯ ಬುದ್ಧಿಗೆ ವಿರುದ್ಧವಾದದ್ದು. ಚೆನ್ನಾಗಿ ಕೆಲಸ ಮಾಡುತ್ತಿರುವ ಎಸ್‌ಎಂಪಿಎಸ್‌ನ ಪ್ಲಗ್ ಕಿತ್ತರೆ, ಒಳಗಿನ ಸ್ಟ್ಯಾಂಡ್‌ಬೈ ಸರ್ಕ್ಯೂಟು ಇನ್ನೂ ಸ್ವಲ್ಪ ಹೊತ್ತು ಉಸಿರಾಡುತ್ತ ಕೆಪಾಸಿಟರಿನಲ್ಲಿದ್ದುದನ್ನು ತಿಂದು ಮುಗಿಸುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ಪ್ಲಗ್ ಕಿತ್ತ ಎಷ್ಟೋ ಹೊತ್ತಿನ ಮೇಲೆ ಮದರ್‌ಬೋರ್ಡಿನ ಪುಟ್ಟ ಹಸಿರು ದೀಪ ಮಂಕಾಗಿ ಆರುವುದನ್ನು ನೀವು ನೋಡಿರಬಹುದು. ಸರ್ಕ್ಯೂಟು ಸತ್ತ ಎಸ್‌ಎಂಪಿಎಸ್‌ನಲ್ಲಿ ಹಾಗೆ ತಿನ್ನುವವರು ಯಾರೂ ಇಲ್ಲ. ಫ್ಯೂಸು ಗಟ್ಟಿಯಿದ್ದು ಕತ್ತರಿಸುವ ಭಾಗ ಮಾತ್ರ ನಿಂತುಹೋಗಿದ್ದರೆ, ಕೆಪಾಸಿಟರ್ ತುಂಬಿಕೊಳ್ಳುತ್ತದೆ, ಖಾಲಿಯಾಗುವುದಿಲ್ಲ. ಅಂದರೆ ಕೆಟ್ಟುಹೋದ ಪೆಟ್ಟಿಗೆಯೇ ಹೆಚ್ಚು ಅಪಾಯ. ಜನ ಬಿಚ್ಚುವುದು ಕೆಟ್ಟುಹೋದದ್ದನ್ನೇ.

ಪ್ಲಗ್ಗಿನಿಂದ ಬೇರೆಯಾದ ವಸ್ತು ಹೊಡೆಯುತ್ತದೆ ಎಂಬ ಆಶ್ಚರ್ಯ ಮನುಷ್ಯನಿಗೆ ಹೊಸದಲ್ಲ. 1746ರಲ್ಲಿ ಹಾಲೆಂಡಿನ ಲೈಡನ್ ಊರಿನಲ್ಲಿ ಮುಶನ್‌ಬ್ರೂಕ್ ಎಂಬ ಪ್ರಾಧ್ಯಾಪಕರು ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಹಿಡಿದಿಡಲು ಹೊರಟರು. ಹೊಡೆತ ತಿಂದ ಮೇಲೆ, ಇಡೀ ಫ್ರಾನ್ಸ್ ದೇಶವನ್ನೇ ಬರೆದುಕೊಟ್ಟರೂ ಇನ್ನೊಮ್ಮೆ ಇದಕ್ಕೆ ಕೈಯೊಡ್ಡೆನು ಎಂಬ ಅರ್ಥದಲ್ಲಿ ಪತ್ರ ಬರೆದರು. ಅದೇ ವರ್ಷ ಫ್ರಾನ್ಸಿನಲ್ಲಿ ನೋಲೆ ಎಂಬ ಪಾದ್ರಿ ರಾಜನ ಎದುರು 180 ಕಾವಲುಭಟರನ್ನು ಕೈ ಕೈ ಹಿಡಿಸಿ ನಿಲ್ಲಿಸಿ, ಅಂಥ ಪಾತ್ರೆಯ ವಿದ್ಯುತ್ತನ್ನು ಅವರೆಲ್ಲರ ಮೂಲಕ ಹರಿಸಿದರು. ಎಲ್ಲರೂ ಒಟ್ಟಿಗೇ ನೆಗೆದರಂತೆ. ಲೈಡನ್ ಜಾಡಿ ಎಂದು ನಾವು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಚಿತ್ರ ಬರೆದು ಭಾಗ ಗುರುತಿಸಿದ್ದು ಇದನ್ನೇ. ಎಸ್‌ಎಂಪಿಎಸ್‌ನ ಒಳಗೆ ಕೂತಿರುವುದು ಆ ಜಾಡಿಯ ಮೊಮ್ಮಗ.

ಕರೆಂಟು ಮೈಗೆ ಎಷ್ಟು ಹರಿದರೆ ಏನಾಗುತ್ತದೆ ಎಂಬುದನ್ನು ಅಳೆದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯೆಲ್. ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಹಿಡಿದ ತಂತಿಯನ್ನು ಬಿಡಲಾಗದಂತೆ ಸ್ನಾಯು ಬಿಗಿದುಕೊಳ್ಳುವ ಮಿತಿ ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ 10.5 ಎಂದು ಕಂಡುಕೊಂಡರು. ಇದು ಮನೆಗೆ ಬರುವ ಏಸಿ ಕರೆಂಟಿನ ಲೆಕ್ಕ. ಎದೆಯ ಮೂಲಕ 30ರಿಂದ 50 ಮಿಲಿಆಂಪಿಯರ್ ಒಂದೆರಡು ಸೆಕೆಂಡು ಹರಿದರೆ ಹೃದಯ ಬಡಿಯುವುದನ್ನು ಬಿಟ್ಟು ಬರೀ ನಡುಗತೊಡಗಬಹುದು. ಬೆವರಿದ ಕೈ, ಒದ್ದೆ ನೆಲದ ಮೇಲಿನ ಬರಿಗಾಲು ಸೇರಿದರೆ ಮೈಯ ತಡೆ ಸಾವಿರ ಓಮಿನ ಆಸುಪಾಸಿಗೆ ಇಳಿಯುತ್ತದೆ. ಆಗ 230 ವೋಲ್ಟಿಗೆ ಹರಿಯುವುದು 230 ಮಿಲಿಆಂಪಿಯರ್. ಎಸ್‌ಎಂಪಿಎಸ್‌ನ ಗಾಜಿನ ಫ್ಯೂಸು ಸುಟ್ಟುಹೋಗಲು ಆಂಪಿಯರುಗಟ್ಟಲೆ ಕರೆಂಟು ಬೇಕು. ಅದು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು ಮೀಟರ್ ಬೋರ್ಡಿನಲ್ಲಿ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ಚು ಇರಬೇಕು. ಆದರೆ ಪ್ಲಗ್ ಕಿತ್ತಿಟ್ಟ ಪೆಟ್ಟಿಗೆಯ ಕೆಪಾಸಿಟರ್ ಹೊಡೆದಾಗ ಆ ಆರ್‌ಸಿಸಿಬಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಕೆಪಾಸಿಟರಿನ ಹೊಡೆತ ಹಿಡಿದುಕೊಳ್ಳುವುದಿಲ್ಲ, ಒದೆಯುತ್ತದೆ. ಒಂದೇ ಏಟಿಗೆ ಸ್ನಾಯುಗಳೆಲ್ಲ ಸೆಟೆದು ಕೈ ತಾನಾಗಿ ಹಿಂದಕ್ಕೆ ಚಿಮ್ಮುತ್ತದೆ. ಹಿಂದೆ ಏನಿದೆ ಎಂಬುದು ಆಗ ದೊಡ್ಡ ಪ್ರಶ್ನೆ: ಕಾದ ಸೋಲ್ಡರಿಂಗ್ ಐರನ್ನೋ, ಏಣಿಯ ಅಂಚೋ, ಇನ್ನೊಂದು ಚಾಲೂ ಇರುವ ಬೋರ್ಡೋ. ನನ್ನ ಪುಣ್ಯಕ್ಕೆ ರ್‍ಯಾಕಿತ್ತು.

ಇಷ್ಟು ಹೇಳಿದ ಮೇಲೆ, ಕಂಪ್ಯೂಟರ್ ಎಂದರೇ ಹೆದರುವಂತೆ ಆಗಬಾರದು. ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಹೊರಗೆ ಬರುವ ಹಳದಿ ವೈರಿನಲ್ಲಿ 12 ವೋಲ್ಟ್, ಕೆಂಪಿನಲ್ಲಿ 5, ಕೇಸರಿಯಲ್ಲಿ 3.3. ಇವು ಯಾರನ್ನೂ ಕೊಲ್ಲುವುದಿಲ್ಲ. ರ್‍ಯಾಮ್ ಬದಲಿಸುವುದಕ್ಕೆ, ಹಾರ್ಡ್ ಡಿಸ್ಕ್ ಜೋಡಿಸುವುದಕ್ಕೆ, ಪ್ಲಗ್ ಕಿತ್ತ ಮೇಲೆ, ಧಾರಾಳವಾಗಿ ಕೈ ಹಾಕಬಹುದು. ಕೈಬಳೆ, ಉಂಗುರ, ಇಳಿಬಿಟ್ಟ ಸರ ಮಾತ್ರ ತೆಗೆದಿಡಿ. ಹನ್ನೆರಡು ವೋಲ್ಟಿನ ಸಾಲು ಹತ್ತಾರು ಆಂಪಿಯರ್ ಕೊಡಬಲ್ಲದು, ಚಾಲೂ ಇದ್ದಾಗ ಅಡ್ಡ ಬಿದ್ದ ಬಂಗಾರದ ಉಂಗುರ ಬೆರಳಲ್ಲೇ ಕಾದು ಸುಡುತ್ತದೆ.

ಪ್ಲಗ್ ಕೀಳದೆ ಬರೀ ಶಟ್ ಡೌನ್ ಮಾಡಿದರೆ ಕಂಪ್ಯೂಟರು ಆಫ್ ಆದಂತಲ್ಲ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಪದ್ಧತಿಯಲ್ಲಿ ಮುಂದಿನ ಬಟನ್ನು ಮದರ್‌ಬೋರ್ಡಿಗೆ ಸಂಜ್ಞೆ ಕೊಡುತ್ತದೆ, ಅಷ್ಟೇ. ನೇರಳೆ ವೈರಿನ 5 ವೋಲ್ಟ್ ಯಾವಾಗಲೂ ಜೀವಂತ, ಅದನ್ನು ಕೊಡುವ ಒಳಗಿನ 325 ವೋಲ್ಟೂ ಜೀವಂತ. ಅದಕ್ಕೂ ಹಿಂದಿನ ಎಟಿ ಕಾಲದ ಡಬ್ಬಗಳಲ್ಲಿ ಮನೆಯ ಕರೆಂಟೇ ಒಂದು ದಪ್ಪ ಕೇಬಲಿನಲ್ಲಿ ಮುಂದಿನ ಸ್ವಿಚ್ಚಿನವರೆಗೆ ಬಂದು ಹೋಗುತ್ತಿತ್ತು. ಟೇಪು ಬಿಚ್ಚಿಕೊಂಡ ಆ ಸ್ವಿಚ್ಚಿನ ಕಾಲು ತಾಗಿ ಶಾಕ್ ಹೊಡೆಸಿಕೊಳ್ಳದ ಹಳೇ ಮೆಕ್ಯಾನಿಕ್ಕು ನಮ್ಮ ಬಳಗದಲ್ಲಿ ಇರಲಿಲ್ಲ.

ಈಗ ಪೆಟ್ಟಿಗೆ ಬಿಚ್ಚದವರಿಗೂ ಸಂಬಂಧಿಸಿದ ಮಾತಿಗೆ ಬರುತ್ತೇನೆ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿಯಲು ಹೋದವರಿಗೆಲ್ಲ ನೆನಪಿರುತ್ತದೆ: ಬಾಗಿಲಲ್ಲಿ ಚಪ್ಪಲಿ ಬಿಡಬೇಕಿತ್ತು. ಧೂಳು ಒಳಗೆ ಬರಬಾರದು. ಬೆಳಗ್ಗೆ ಒರೆಸಿದ ತಣ್ಣನೆ ನೆಲ, ಬರಿಗಾಲು, ಸಾಲಾಗಿ ಬಿಳಿ ಡಬ್ಬಗಳು. ಫ್ಲಾಪಿ ಹಾಕಲು ಬಗ್ಗಿದಾಗ ಮುಂಗೈ ಡಬ್ಬದ ಹಿಂದಿನ ಬರಿ ತಗಡಿಗೆ ಸವರಿದರೆ ಜುಮ್ಮೆನ್ನುತ್ತಿತ್ತು. ಇರುವೆ ಸಾಲು ಹರಿದ ಹಾಗೆ. "ಸಾರ್, ಶಾಕ್ ಹೊಡೀತಿದೆ" ಎಂದರೆ ಸಾರ್ ಟೆಸ್ಟರ್ ತಂದು ಮುಟ್ಟಿಸುತ್ತಿದ್ದರು. ನಿಯಾನ್ ಮಂಕಾಗಿ ಮಿಣುಕುತ್ತಿತ್ತು. "ಸ್ವಲ್ಪ ಲೀಕೇಜ್ ಅಷ್ಟೇ, ಮುಟ್ಟಬೇಡಿ" ಎಂದು ಪಾಠ ಮುಂದುವರಿಯುತ್ತಿತ್ತು.

ಆ ಜುಮ್ಮಿಗೆ ಕಾರಣ ಸ್ಪಷ್ಟವಾಗಿದೆ. ಒಳಗೆ ಕರೆಂಟು ಕತ್ತರಿಸುವಾಗ ಹುಟ್ಟುವ ರೇಡಿಯೊ ಗದ್ದಲ ಹೊರಗೆ ಹೋಗದಂತೆ, ಫೇಸಿನಿಂದ ತಗಡಿಗೆ ಒಂದು, ನ್ಯೂಟ್ರಲಿನಿಂದ ತಗಡಿಗೆ ಒಂದು, ಪುಟ್ಟ ನೀಲಿ ಬಿಲ್ಲೆಯಂಥ ಕೆಪಾಸಿಟರುಗಳಿರುತ್ತವೆ. ವೈ ಕೆಪಾಸಿಟರ್ ಎಂದು ಹೆಸರು. ತಗಡು ಅರ್ಥಿಗೆ ಸೇರಿದ್ದರೆ ಅಲ್ಲಿಗೆ ಬಂದ ಕಿಂಚಿತ್ ಕರೆಂಟು ಭೂಮಿಗೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ತಗಡು ಫೇಸು ನ್ಯೂಟ್ರಲುಗಳ ನಡುವೆ, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತದೆ. ಒಂದು ಡಬ್ಬದಿಂದ ಮೈಗೆ ಹರಿಯುವುದು ಮಿಲಿಆಂಪಿಯರಿನ ಒಂದಂಶ, ಜುಮ್ಮೆನಿಸುವಷ್ಟು. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹತ್ತು ಡಬ್ಬ ಸಿಕ್ಕಿಸಿ, ಆ ಬಾಕ್ಸಿನ ಅರ್ಥ್ ವೈರು ಎಲ್ಲೂ ಸೇರಿಲ್ಲದಿದ್ದರೆ ಹತ್ತರದ್ದೂ ಕೂಡಿ ಬರುತ್ತದೆ. ಲೋಹದ ಮೈಯ ಲ್ಯಾಪ್‌ಟಾಪು ಎರಡು ಪಿನ್ನಿನ ಅಡಾಪ್ಟರಿನಲ್ಲಿ ಚಾರ್ಜಿಗಿಟ್ಟಾಗ ಅಂಗೈಗೆ ನವಿರಾಗಿ ಕಚ್ಚುವುದೂ ಇದೇ ಜಾತಿಯ ಸೋರಿಕೆಯಿಂದ.

ಇಲ್ಲೊಂದು ಬೇಸರದ ಸಂಗತಿ ಇದೆ. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ದುಡ್ಡು ಉಳಿಸಲು ಈ ಫಿಲ್ಟರ್ ಭಾಗವನ್ನೇ ಬಿಟ್ಟು ಬರೀ ತಂತಿ ಹಾಕಿರುತ್ತಾರೆ. ಅವು ಅರ್ಥಿಂಗ್ ಇಲ್ಲದ ಮನೆಯಲ್ಲೂ ಜುಮ್ಮೆನ್ನುವುದಿಲ್ಲ. ಒಳ್ಳೆಯದು ಜುಮ್ಮೆನ್ನುತ್ತದೆ. ಗಿರಾಕಿ ಒಳ್ಳೆಯದನ್ನು ವಾಪಸ್ ಕೊಟ್ಟು ಅಗ್ಗದ್ದನ್ನು ಹೊಗಳಿ ಒಯ್ದದ್ದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಕೆಟ್ಟದ್ದು ಪೆಟ್ಟಿಗೆಯಲ್ಲ, ಗೋಡೆ ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಜುಮ್ಮೆನ್ನುವುದು ಬರೀ ಸೋರಿಕೆಯೋ, ಫೇಸು ತಗಡಿಗೇ ತಾಗಿರುವ ನಿಜವಾದ ದೋಷವೋ ಎಂಬುದನ್ನು ನಿಯಾನ್ ಟೆಸ್ಟರ್ ಹೇಳಲಾರದು, ಎರಡಕ್ಕೂ ಅದು ಮಿಣುಕುತ್ತದೆ. ಆದ್ದರಿಂದ "ಸ್ವಲ್ಪ ಲೀಕೇಜ್" ಎಂದು ಬಿಡುವುದು ಕುರುಡು ಧೈರ್ಯ. ಮೂರು ಪಿನ್ನಿನ ಪ್ಲಗ್ಗನ್ನು ಗಮನಿಸಿ: ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಸಿಕ್ಕಿಸುವಾಗ ಮೊದಲು ಅರ್ಥ್ ಸೇರಲಿ, ಕೀಳುವಾಗ ಕೊನೆಗೆ ಬಿಡಲಿ ಎಂದೇ ಹಾಗೆ ಮಾಡಿದ್ದಾರೆ. ಯಾರೋ ಅಷ್ಟು ಯೋಚಿಸಿ ಇಟ್ಟ ಪಿನ್ನನ್ನು ನಾವು ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಲಿ ಎಂದು ಹ್ಯಾಕ್ಸಾದಲ್ಲಿ ಕೊಯ್ದು ಬಿಸಾಡುತ್ತೇವೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ಕೈಚಳಕ. ಅರ್ಥ್ ಗುಂಡಿ ತೋಡುವ ಖರ್ಚು ಉಳಿಸಲು, ಸಾಕೆಟ್ಟಿನ ಹಿಂದೆ ನ್ಯೂಟ್ರಲಿನಿಂದ ಅರ್ಥ್ ಪಿನ್ನಿಗೆ ಒಂದು ಗೇಣು ವೈರು ಎಳೆದುಬಿಡುವುದು. ಜುಮ್ಮು ನಿಲ್ಲುತ್ತದೆ, ಮನೆಯವರು ಖುಷಿ. ಒಂದು ದಿನ ಎಲ್ಲೋ ನ್ಯೂಟ್ರಲ್ ವೈರು ಸಡಿಲಗೊಂಡು ಬಿಟ್ಟಿತೆನ್ನಿ. ಫೇಸು ಕಂಪ್ಯೂಟರಿನ ಮೂಲಕ ಹಾದು ನ್ಯೂಟ್ರಲಿಗೆ ಬಂದು, ಮುಂದೆ ದಾರಿಯಿಲ್ಲದೆ, ಆ ಗೇಣು ವೈರಿನಿಂದ ನೇರ ತಗಡಿಗೆ ಬರುತ್ತದೆ. ಈಗ ತಗಡಿನ ಮೇಲಿರುವುದು ಪೂರ್ತಿ 230 ವೋಲ್ಟ್, ತಡೆಯುವ ಪುಟ್ಟ ಕೆಪಾಸಿಟರಿನ ಹಂಗೂ ಇಲ್ಲದೆ. ನಿಮ್ಮ ಮನೆಯ ಎಲೆಕ್ಟ್ರಿಷಿಯನ್ನು ಇಂಥ ಲೂಪ್ ಹಾಕಿದ್ದಾನೆಯೇ ಎಂದು ಇವತ್ತೇ ಕೇಳಿ. ಹಾಕಿದ್ದರೆ ಇವತ್ತೇ ತೆಗೆಸಿ. ಇದ್ದಿಲು, ಉಪ್ಪು ತುಂಬಿ ಪೈಪು ಹೂತ ನಿಜವಾದ ಅರ್ಥ್ ಗುಂಡಿ ಇದ್ದರೂ ಅದನ್ನು ಮರೆಯುವಂತಿಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅದರ ತಡೆ ಏರುತ್ತದೆ, ಆಗಾಗ ಒಂದೆರಡು ಕೊಡ ನೀರು ಹುಯ್ಯಬೇಕು. ಸಾಕೆಟ್ಟಿಗೆ ಎದುರಾಗಿ ನಿಂತು ನೋಡಿದಾಗ ಫೇಸು ಬಲಕ್ಕೆ ಇರಬೇಕು. ಅದಲು ಬದಲಾಗಿದ್ದರೆ ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ಚು ಆರಿಸಿದರೂ ಒಳಗೆ ಫೇಸು ಉಳಿದಿರಬಹುದು.

ಕರೆಂಟು ಹೋದಾಗ ಡಬ್ಬ ಬಿಚ್ಚಲು ಕೂರುವವರಿದ್ದಾರೆ, ಹೇಗೂ ಕೆಲಸವಿಲ್ಲ ಎಂದು. ಕರೆಂಟು ಹೇಳದೆ ಕೇಳದೆ ವಾಪಸ್ ಬರುತ್ತದೆ. ಯುಪಿಎಸ್ ಇದ್ದರಂತೂ ಕರೆಂಟು ಹೋಗಿಯೇ ಇಲ್ಲ. ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಂಪ್ಯೂಟರ್ ಸುರಕ್ಷಿತವಾಯಿತು ಎಂದುಕೊಂಡರೆ, ಬ್ಯಾಟರಿಯಿಂದ 230 ವೋಲ್ಟ್ ಬರುತ್ತಲೇ ಇರುತ್ತದೆ, ಅರ್ಥ್ ಸಂಬಂಧ ಮಾತ್ರ ಕಡಿದುಹೋಗಿರುತ್ತದೆ. ಕೀಳಬೇಕಾದದ್ದು ಸಿಪಿಯು ಡಬ್ಬದ ಹಿಂದಿನ ಪವರ್ ಕಾರ್ಡನ್ನು.

ರಿಪೇರಿಯೇ ಕಸುಬಾದವರಿಗೆ ನಾಲ್ಕು ಮಾತು ಹೇಳಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ಪೆನಿಸಿ ಡಿಸ್ಚಾರ್ಜ್ ಮಾಡುವುದನ್ನು ಶೌರ್ಯವೆಂದು ತಿಳಿದವರನ್ನು ನೋಡಿದ್ದೇನೆ. ಆ ಕಿಡಿಯಲ್ಲಿ ಕರಗಿದ ಲೋಹದ ಹನಿ ಕಣ್ಣಿಗೆ ಹಾರಬಹುದು. ಎರಡು ಕಿಲೋಓಮಿನ ಆಸುಪಾಸಿನ, ಹತ್ತು ವ್ಯಾಟಿನ ಸಿಮೆಂಟ್ ರೆಸಿಸ್ಟರಿಗೆ ಎರಡು ಇನ್ಸುಲೇಟೆಡ್ ವೈರು ಬೆಸೆದಿಟ್ಟುಕೊಂಡರೆ ಸಾಕು, ಐದು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಮೇಷ್ಟ್ರ ಬಲ್ಬೂ ಆದೀತು. ಆಮೇಲೆ ಮಲ್ಟಿಮೀಟರನ್ನು ಸಾವಿರ ವೋಲ್ಟ್ ಡಿಸಿಗೆ ಇಟ್ಟು ಅಳೆದು, ಕೆಲವು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಖಾಲಿ ಮಾಡಿದ ಕೆಪಾಸಿಟರ್ ಸ್ವಲ್ಪ ವೋಲ್ಟೇಜನ್ನು ತಾನಾಗಿ ಮರಳಿ ಪಡೆಯುವ ಗುಣವುಳ್ಳದ್ದು. ಚಾಲೂ ಇರುವ ಬೋರ್ಡನ್ನು ಅಳೆಯಲೇಬೇಕಾದರೆ ಎಡಗೈ ಬೆನ್ನ ಹಿಂದೆ ಇರಲಿ, ಎದೆಯ ದಾರಿ ತಪ್ಪುತ್ತದೆ. ಬೋರ್ಡಿನ ಅಲ್ಯೂಮಿನಿಯಂ ಹೀಟ್‌ಸಿಂಕ್ ಬರೀ ತಗಡೆಂದು ಹಿಡಿಯಬೇಡಿ, ಪ್ರೈಮರಿ, ಅಂದರೆ ಗೋಡೆಯ ಕರೆಂಟು ಬರುವ ಕಡೆಯದಕ್ಕೆ ಎಷ್ಟೋ ಸಲ ಪೂರ್ತಿ ವೋಲ್ಟೇಜು ಇರುತ್ತದೆ. ಸ್ಟ್ಯಾಟಿಕ್ ಹೋಗಲೆಂದು ಮಣಿಕಟ್ಟಿಗೆ ಕಟ್ಟುವ ಪಟ್ಟಿಯನ್ನು ಈ ಕೆಲಸದಲ್ಲಿ ಬಿಚ್ಚಿಡಿ. ಅದರೊಳಗಿನ ಒಂದು ಮೆಗಾಓಮ್ ರೆಸಿಸ್ಟರ್ ಗಟ್ಟಿಯಿದ್ದರೆ ಸರಿ, ಅದರ ಬದಲು ಬರೀ ವೈರು ಕಟ್ಟಿಕೊಂಡವರು ತಮ್ಮನ್ನೇ ಅರ್ಥ್ ಮಾಡಿಕೊಂಡಂತೆ. ಹಿಂಬದಿಯಲ್ಲಿ 115, 230 ವೋಲ್ಟ್ ಆಯ್ಕೆಯ ಕೆಂಪು ಸ್ವಿಚ್ಚಿದ್ದರೆ ಅದು 115ರ ಕಡೆ ಇದೆಯೇ ನೋಡಿ. ನಮ್ಮ ಕರೆಂಟಿಗೆ ಹಾಗೆ ಸಿಕ್ಕಿಸಿದರೆ ಕೆಪಾಸಿಟರುಗಳ ಮೇಲೆ 650 ವೋಲ್ಟ್ ಕೂತು ಮುಖದೆದುರೇ ಸಿಡಿಯುತ್ತವೆ.

ಉಳಿದವರಿಗೆ ಹೇಳುವುದು ಒಂದೇ: ಬಿಚ್ಚಬೇಡಿ, ಇಡಿಯಾಗಿ ಬದಲಿಸಿ. ಒಳಗಿನ ಧೂಳನ್ನು ಹೊರಗಿನಿಂದಲೇ, ಪವರ್ ಕಾರ್ಡ್ ಕಿತ್ತು, ಬ್ಲೋವರಿನಿಂದ ಊದಿಸಿ. ಪೂಜೆಯ ದಿನ ಕುಂಕುಮ, ಅಕ್ಷತೆ, ತೀರ್ಥದ ಹನಿ ಡಬ್ಬದ ಮುಂಭಾಗಕ್ಕಿರಲಿ, ಹಿಂಬದಿಯ ಜಾಲರಿಯ ಮೇಲೆ ಬೇಡ. ಪೆಟ್ಟಿಗೆಯ ಮೇಲೆ ಅಪಾಯದ ಚೀಟಿ ಇರುತ್ತದೆ ನಿಜ, ಇಂಗ್ಲಿಷಿನಲ್ಲಿ, ಒಮ್ಮೊಮ್ಮೆ ಇನ್ನೂ ನಾಲ್ಕಾರು ಭಾಷೆಗಳಲ್ಲಿ. ಕನ್ನಡದಲ್ಲಿ ನಾನು ಈವರೆಗೆ ಒಂದನ್ನೂ ಕಂಡಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಹಿಡಿದು ತಾಲ್ಲೂಕಿನ ಅಂಗಡಿಯವರೆಗೆ ಈ ಪೆಟ್ಟಿಗೆಗಳನ್ನು ಮಾರುವವರು "ಒಳಗೆ ಕರೆಂಟು ಉಳಿದಿರುತ್ತದೆ, ಪ್ಲಗ್ ಕಿತ್ತರೂ ಬಿಚ್ಚಬೇಡಿ" ಎಂದು ಒಂದು ಸಾಲು ಅಚ್ಚು ಹಾಕಿಸಿ ಅಂಟಿಸಿದರೆ ಎಷ್ಟು ಖರ್ಚಾದೀತು?

ಯಾರಿಗಾದರೂ ಕರೆಂಟು ಹಿಡಿದುಕೊಂಡಿದ್ದು ಕಂಡರೆ ಮೊದಲು ಮೇನ್ ಸ್ವಿಚ್ಚು ಆರಿಸಿ. ಅದು ಕೈಗೆ ಸಿಗದಿದ್ದರೆ ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ತಂತಿ ಬಿಡಿಸಿ, ಬರಿಗೈಯಲ್ಲಿ ಮುಟ್ಟಬೇಡಿ. ಹೊಡೆದು ಬಿಟ್ಟಿದ್ದರೆ, ಮಾತಾಡುತ್ತಿದ್ದರೂ, ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಹೃದಯದ ಬಡಿತ ಹೊತ್ತು ಕಳೆದ ಮೇಲೂ ತಪ್ಪಬಹುದು. ಪ್ರಜ್ಞೆ ಇಲ್ಲ, ಉಸಿರಾಟವೂ ಇಲ್ಲವೆಂದರೆ ಕೈಕಾಲು ಉಜ್ಜುತ್ತ ಕೂರಬೇಡಿ. ಇನ್ನೊಬ್ಬರಿಗೆ 108ಕ್ಕೆ ಫೋನ್ ಮಾಡಲು ಹೇಳಿ, ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಐದು ಸೆಂಟಿಮೀಟರ್ ಇಳಿಯುವ ಹಾಗೆ ಒತ್ತಿ. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. ದಣಿದರೆ ಪಕ್ಕದವರಿಗೆ ಬಿಟ್ಟುಕೊಡಿ. ಆ್ಯಂಬುಲೆನ್ಸಿನವರು ಬಂದು ಬದಿಗೆ ಸರಿಯಿರಿ ಎನ್ನುವವರೆಗೆ ಒತ್ತುವುದನ್ನು ನಿಲ್ಲಿಸಬೇಡಿ.